ಖಾರ ತಿನ್ನದವನಿಗೊಂದು ತಟ್ಟೆ

ದೆವ್ವ, ಶಕುನ, ಸತ್ತವರ ಸುಳಿವು ಎಂಬ ಮಾತು ಬಂದರೆ ನಾನು ಎದ್ದು ಹೋಗುತ್ತಿದ್ದ ಆಸಾಮಿ. ಅದಕ್ಕೆ ನನ್ನ ಕೆಲಸವೂ ಕಾರಣ. ಅಪಘಾತವಾದ ವಾಹನಗಳನ್ನು ನೋಡಿ, ವಿಮೆ ಕೇಳುವವರು ಹೇಳುತ್ತಿರುವುದು ನಿಜವೋ ಕಟ್ಟುಕಥೆಯೋ ಎಂದು ವರದಿ ಬರೆಯುವುದು ನನ್ನ ಹೊಟ್ಟೆಪಾಡು. ಎತ್ತು ಅಡ್ಡ ಬಂತು ಎಂದು ಯಾರಾದರೂ ಅಂದರೆ, ಬಂಪರಿಗೆ ಎತ್ತಿನ ಕೂದಲು ಅಂಟಿದೆಯೇ ಎಂದು ಮೊದಲು ನೋಡುತ್ತೇನೆ. ಹೀಗಾಗಿ ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ನನ್ನ ಹೆಂಡತಿ ಸುಧಾಳ ತಮ್ಮ ರಘು, ಪುಣೆಯಲ್ಲಿ ಕೆಲಸ ನೋಡಿಕೊಂಡು ಬರುತ್ತೇನೆಂದು ವಿಜಯಪುರದಿಂದ ಹೋದವನು ತಿರುಗಿ ಬರಲಿಲ್ಲ. ಜಗಳವಿಲ್ಲ, ಮುನಿಸಿಲ್ಲ. ಪೊಲೀಸರಿಗೆ ಹೇಳಿದ್ದಾಯಿತು, ಪೇಪರಿನಲ್ಲಿ ಫೋಟೊ ಹಾಕಿಸಿದ್ದಾಯಿತು, ಸುಳಿವೇ ಇಲ್ಲ. ಕಾಣೆಯಾದವನ ದಾರಿಯನ್ನು ಹನ್ನೆರಡು ವರ್ಷ ಕಾಯಬೇಕು, ಆಮೇಲೆ ದರ್ಭೆಯ ಗೊಂಬೆ ಮಾಡಿ ಸುಟ್ಟು ಉತ್ತರಕ್ರಿಯೆ ಮುಗಿಸಬೇಕು ಎನ್ನುವುದು ನಮ್ಮಲ್ಲಿನ ಪದ್ಧತಿ. ಆ ಹನ್ನೆರಡು ವರ್ಷ ಮುಗಿದಿತ್ತು. "ನಾ ಕಣ್ಣು ಮುಚ್ಚೂದರೊಳಗ ಅವಗೊಂದು ಗತಿ ಕಾಣಸ್ರಿ" ಎಂದು ಅತ್ತೆ ಹಟ ಹಿಡಿದಿದ್ದರು. ಮನೆಯಲ್ಲಿ ಬೇರೆ ಗಂಡಸರಿಲ್ಲದ್ದರಿಂದ ಅಳಿಯನಾದ ನಾನೇ ಮಾಡುವುದೆಂದಾಯಿತು. ನಾಸಿಕದ ಪಂಚವಟಿಯಲ್ಲಿ ಪುರೋಹಿತರನ್ನು ಗೊತ್ತುಮಾಡಿದೆ. ಸುಧಾ ಬೇಡ ಅನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ಸುಮ್ಮನೆ ಬಟ್ಟೆ ತುಂಬಿಕೊಂಡು ಕಾರು ಹತ್ತಿದಳು.

ದಾರಿಯಲ್ಲಿ ಹೋಟೆಲ್ ಊಟ ಬೇಡ, ಸ್ನೇಹಿತರ ಮನೆಗಳಲ್ಲಿ ಇಳಿದು ಹೋಗೋಣ ಎಂದು ಮೊದಲೇ ಮಾತಾಗಿತ್ತು. ಮೊದಲನೆಯ ಮನೆ ಸಂಭಾಜಿನಗರದ ಸದಾಶಿವನದು. ಕುಂದಾಪುರದ ಕಡೆಯವನು, ಅಲ್ಲಿ ಶಾಕಾಹಾರಿ ಹೋಟೆಲ್ ನಡೆಸುತ್ತಾನೆ, ಮನೆ ಅದರ ಹಿಂದೆಯೇ. ಕೈಕಾಲು ತೊಳೆದು ಊಟಕ್ಕೆ ಹೋದರೆ ಅತಿಥಿಗಳ ಸಾಲಿನಲ್ಲಿ ಮೂರು ತಟ್ಟೆಗಳು.

"ಇನ್ನೊಬ್ಬರು ಎಲ್ಲಿ? ಕಾರಲ್ಲೇ ಕೂತಿದ್ದಾರಾ?" ಎಂದ ಸದಾಶಿವ.

"ಯಾವ ಇನ್ನೊಬ್ಬರು?"

"ಎಂತ ಮಾರಾಯ! ನಿನ್ನೆ ಹೋಟೆಲಿಗೆ ಫೋನ್ ಮಾಡಿ ಮೂರು ಜನ ಅಂತ ಹೇಳಿದ್ದು ನೀನೇ ಅಲ್ವಾ? ಕೌಂಟರಿನಲ್ಲಿದ್ದವ ಬಂದು ನನಗೆ ಹೇಳಿದ."

ಅವನ ಹೆಂಡತಿ ಜಲಜಾಕ್ಷಿ ಒಂದು ಪುಟ್ಟ ಪಾತ್ರೆ ತಂದಿಟ್ಟರು. "ಒಬ್ಬರಿಗೆ ಖಾರ ಆಗುವುದಿಲ್ಲ ಅಂತಲೂ ಹೇಳಿದ್ರಂತೆ. ಅದಕ್ಕೇ ಮೆಣಸು ಹಾಕದ ತೊವ್ವೆ ಬೇರೆ ಮಾಡಿದೆ" ಎಂದರು.

ಸುಧಾಳ ಕೈ ಅನ್ನದಲ್ಲೇ ನಿಂತಿತು. ವಿಜಯಪುರದಲ್ಲಿ ಹುಟ್ಟಿ ಖಾರ ತಿನ್ನದವನೆಂದರೆ ರಘು ಒಬ್ಬನೇ ಇರಬೇಕು. ಚೂರು ಮೆಣಸಿನಕಾಯಿ ನಾಲಗೆಗೆ ತಗುಲಿದರೂ ಅವನಿಗೆ ಬಿಕ್ಕಳಿಕೆ ಹತ್ತುತ್ತಿತ್ತು. ಬೀಗರೆಲ್ಲ ಅದನ್ನೇ ಆಡಿಕೊಂಡು ನಗುತ್ತಿದ್ದರು. ಆದರೆ ಸದಾಶಿವ ಅವನನ್ನು ಕಂಡವನೇ ಅಲ್ಲ. ನಾನು ಬೇರೆ ಯಾರೋ ಗಿರಾಕಿಯ ಫೋನು ಇರಬೇಕು ಎಂದು ನಕ್ಕು ತೇಲಿಸಿದೆ. ಕೈ ತೊಳೆಯುವ ನೆಪದಲ್ಲಿ ಕೌಂಟರಿನವನ ಹತ್ತಿರ ಹೋಗಿ ಕೇಳಿದೆ. ಗಂಡಸಿನ ದನಿ, ಕನ್ನಡದಲ್ಲೇ ಮಾತಾಡಿದರು, ನಿಮ್ಮ ಹೆಸರು ಹೇಳಿಯೇ ಹೇಳಿದರು ಎಂದ.

ಮರುದಿನ ಬೆಳಿಗ್ಗೆ ಹೊರಟೆವು. ದೌಲತಾಬಾದಿನ ಕೋಟೆ ಹಿಂದೆ ಸರಿಯುವ ಹೊತ್ತಿಗೆ ನನ್ನ ತಲೆಯಲ್ಲಿ ವರದಿ ತಯಾರಾಗುತ್ತಿತ್ತು. ಈ ಕ್ರಿಯೆ ಬೇಡವೆಂದು ಮನಸ್ಸಿನಲ್ಲಿರುವುದು ಯಾರಿಗೆ? ಸುಧಾಳಿಗೆ. ಸದಾಶಿವನ ಹೋಟೆಲಿನ ನಂಬರು ಹುಡುಕುವುದು ದೊಡ್ಡ ಮಾತೇ? ಯಾರಿಂದಲಾದರೂ ಫೋನು ಮಾಡಿಸಬಹುದಲ್ಲ? ಕಟ್ಟಿಕೊಂಡ ಹೆಂಡತಿಯನ್ನು ಹೀಗೆ ಓರೆಗಣ್ಣಿನಿಂದ ನೋಡುತ್ತ ಗಾಡಿ ಓಡಿಸುವುದು ನನಗೇ ಅಸಹ್ಯವೆನಿಸಿತು. ಆದರೂ ನೋಡುವುದನ್ನು ಬಿಡಲಿಲ್ಲ. ಚಾಂದವಡ್ ಹತ್ತಿರ ಈರುಳ್ಳಿ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡು ನಿಂತಾಗ ಅವಳೇ ಬಾಯಿಬಿಟ್ಟಳು.

"ನಾನು ಮಾಡಿಸೀನಿ ಅಂತ ಅನ್ನಸ್ತದೇನ್ರಿ ನಿಮಗ?"

"ಛೇ, ಹಂಗೇನಿಲ್ಲ" ಎಂದೆ. ಅವಳು ಕಿಟಕಿಯತ್ತ ತಿರುಗಿದಳು.

ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿರುವ ಮಲ್ಲಿಕಾರ್ಜುನ ನನ್ನ ಕಾಲೇಜಿನ ಗೆಳೆಯ. ಅವನಿಗೂ ಸದಾಶಿವನಿಗೂ ಮುಖಪರಿಚಯವೂ ಇಲ್ಲ. ಅವನ ಮನೆ ಮುಟ್ಟುವಷ್ಟರಲ್ಲಿ ಊಟದ ಹೊತ್ತು ಮೀರುತ್ತಿತ್ತು. ಒಳಗೆ ಕಾಲಿಟ್ಟವನೇ ಊಟದ ಮೇಜು ನೋಡಿದೆ. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಪಕ್ಕದಲ್ಲಿ ಒಂದು ಬಟ್ಟಲು ಬರೀ ಹಳದಿ ಬೇಳೆ. 

"ಇದು ಯಾರಿಗ್ರಿ?" ಎಂದು ಕೇಳಿದೆ.

ಮಲ್ಲಿಕಾರ್ಜುನನ ಹೆಂಡತಿ ಶೈಲಜಾ ಬಾಗಿಲ ಕಡೆ ನೋಡಿದಳು. "ನಿಮ್ಮ ಜೋಡಿ ಬಂದವರಿಗೆ ರೀ ಅಣ್ಣಾರ. ಮುಂಜಾನೆ ಅವರss ಬಂದು ಹೇಳಿ ಹೋದ್ರಲ್ಲ. ಮೂರು ಮಂದಿ ಬರ್ತೀವಿ, ನನಗ ಖಾರ ಆಗೂದಿಲ್ಲ ಅಂದ್ರು. ಒಳಗ ಬರ್ರಿ ಅಂದೆ, ಬರಲಿಲ್ಲ. ಗೇಟಿನ ಆಚೆನ ನಿಂತು ನೀರು ಕುಡದ್ರು."

"ಮತ್ತೇನಂದ?" ಸುಧಾ ಕೇಳಿದಳು.

"ಅಕ್ಕಗ ಊಟ ತಡ ಮಾಡಬ್ಯಾಡ್ರಿ, ತಲಿ ನೋಯ್ತದ ಅಂದ್ರು. ಅಕ್ಕ ಅಂದ್ರ ನೀವ ಅಲ್ಲೇನ್ರಿ ವೈನಿ?"

ಸುಧಾ ಬೇಳೆಯ ಬಟ್ಟಲನ್ನು ತನ್ನತ್ತ ಎಳೆದುಕೊಂಡಳು. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಅವಳಿಗೆ ತಲೆಶೂಲೆ ಬರುವುದು ನಿಜ. ಆಗಲೇ ಹಣೆ ಒತ್ತಿಕೊಳ್ಳುತ್ತಿದ್ದಳು ಕೂಡ. ನಾನು ರಘುವಿನ ವಿಷಯವನ್ನೆಲ್ಲ ಹೇಳಿದಾಗ ಮಲ್ಲಿಕಾರ್ಜುನ ದಂಗಾದ. ಸುಧಾಳ ಫೋನಿನಲ್ಲಿದ್ದ ರಘುವಿನ ಹಳೆಯ ಫೋಟೊ ತೋರಿಸಿದರೆ ಶೈಲಜಾ ಬಹಳ ಹೊತ್ತು ನೋಡಿದಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಮುಖ ಸರಿಯಾಗಿ ಕಾಣಲಿಲ್ಲ, ಇವರೇ ಅನ್ನಲಾರೆ, ಅಲ್ಲ ಎಂದೂ ಅನ್ನಲಾರೆ ಎಂದಳು. ಕಾಲೊನಿಯ ಕಾವಲುಗಾರನನ್ನು ಹುಡುಕಿ ಕೇಳಿದೆ. ಹೊರಗಿನವರು ಯಾರೂ ಬಂದಿಲ್ಲ ಎಂದ. ಅವನು ತೂಕಡಿಸುತ್ತ ಕುಳಿತಿದ್ದನ್ನು ನಾನೇ ಬರುವಾಗ ನೋಡಿದ್ದೆ, ಆ ಸಾಕ್ಷಿಗೂ ಬೆಲೆಯಿಲ್ಲ.

ಸಂಜೆ ಸುಧಾ ಮುಖ ತೊಳೆಯಲು ಹೋದಾಗ ಅವಳ ಫೋನ್ ತೆಗೆದು ನೋಡಿದೆ. ಹಿಂದಿನ ಸಂಜೆ ಶೈಲಜಾಳೊಡನೆ ಮಾತಾಡಿದ್ದಳು. ಕೇಳಿದರೆ, ಬರುವಾಗ ಏನಾದರೂ ತರಬೇಕಾ ಎಂದು ಕೇಳಲು ಮಾಡಿದ್ದೆ ಎಂದಳು. ಇಬ್ಬರು ಹೆಂಗಸರು ಸೇರಿ ಹೂಡಿದ ನಾಟಕವೆನ್ನಲು ಅಷ್ಟು ಸಾಕು. ನಾಟಕವಲ್ಲದಿದ್ದರೆ, ಬದುಕಿರುವವನು ಅಕ್ಕನ ಮುಂದೆ ಬಾರದೆ ಗೇಟಿನಿಂದಲೇ ಏಕೆ ಹೋದ? ಬದುಕಿಲ್ಲದವನಾದರೆ, ಶೈಲಜಾ ಕೊಟ್ಟ ನೀರು ಕುಡಿದವರು ಯಾರು? ಮೂರರಲ್ಲಿ ಯಾವುದನ್ನೂ ನಾನು ವರದಿಯಲ್ಲಿ ಬರೆದು ಸಹಿ ಹಾಕಲಾರೆ.

ಮರುದಿನ ಮುಂಜಾನೆ ಪಂಚವಟಿಗೆ ಹೋದೆವು. ಅತ್ತೆಗೆ ಮಾತು ಕೊಟ್ಟಿದ್ದೆ, ಬಿಡುವಂತಿರಲಿಲ್ಲ. ಗೋದಾವರಿಯ ದಂಡೆಯಲ್ಲಿ ಪುರೋಹಿತರು ದರ್ಭೆಯ ಗೊಂಬೆಯನ್ನು ಬಾಳೆಲೆಯ ಮೇಲೆ ಮಲಗಿಸಿ, ನನ್ನ ಬೊಗಸೆಗೆ ನೀರು ಹಾಕಿ, ಸತ್ತವರ ಹೆಸರು ಹೇಳಿ ಎಂದರು. ನಾನು ಬಾಯಿ ತೆರೆದೆ. ಪಕ್ಕದಲ್ಲಿ ಕುಳಿತಿದ್ದ ಸುಧಾ ನನ್ನ ಕೈ ಹಿಡಿದಳು.

"ಹೇಳಬ್ಯಾಡ್ರಿ. ನಿಮ್ಮ ಬಾಯಿಲೆ ಅವನ ಹೆಸರು ಇಲ್ಲಿ ಬರಬಾರದು."

ನೀರು ಬೆರಳಸಂದಿಯಿಂದ ಸೋರಿಹೋಯಿತು. ಪುರೋಹಿತರು ಗೊಣಗಿದರು. ನಾವು ಎದ್ದು ಬಂದೆವು.

ಊರಿಗೆ ಬಂದು ಅತ್ತೆಗೆ ನಡೆದದ್ದನ್ನೆಲ್ಲ ಹೇಳಿದಳು ಸುಧಾ. ಬೈಯುತ್ತಾರೆಂದುಕೊಂಡಿದ್ದೆ. ಅವರು "ಯಾವ ಅಂಗಿ ತೊಟ್ಟಿದ್ದನಂತ?" ಎಂದು ಕೇಳಿದರು. ಕ್ರಿಯೆಯ ಮಾತನ್ನು ಅವರು ಮತ್ತೆ ಎತ್ತಿಲ್ಲ.

ನಾನಿನ್ನೂ ಶೈಲಜಾಳನ್ನು ಒತ್ತಾಯಿಸಿ ಕೇಳಿಲ್ಲ. ಮಕ್ಕಳ ಆಣೆ ಹಾಕಿಸಿ ಕೇಳಿದರೆ ನಿಜ ಹೇಳಿಯಾಳು. ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟಿದ್ದೇನೆ. ಹೌದು, ನಾವೇ ಕಟ್ಟಿದ ಕಥೆ ಎಂದುಬಿಟ್ಟರೆ ರಘು ಆ ದಿನವೇ ಸತ್ತಂತೆ.

ಈಗ ಅಪರಿಚಿತ ನಂಬರಿನಿಂದ ಫೋನ್ ಬಂದರೆ ಸುಧಾ ಅಡುಗೆಮನೆಯಿಂದ ಓಡಿ ಬರುತ್ತಾಳೆ. ಸಾಲ ಬೇಕೇ, ಪ್ಲಾಟ್ ಬೇಕೇ ಎಂದು ಕೇಳುವವರ ಮಾತನ್ನೂ ಕೊನೆಯವರೆಗೆ ಕೇಳಿ ಇಡುತ್ತಾಳೆ. ಬಾಗಿಲಲ್ಲಿ ನಿಂತು ನಾನು ಅವಳ ಮುಖ ನೋಡುತ್ತೇನೆ. ಸುಳ್ಳು ಹೇಳುವವರ ಮುಖ ನೋಡಿಯೇ ಬದುಕು ಸಾಗಿಸಿದವನು ನಾನು. ನಾಟಕ ಹೂಡಿದವಳು ಹೀಗೆ ಕಾಯುವುದಿಲ್ಲ.