ಅಪ್ಪನ ದಿನವಿಶೇಷ

ಇವತ್ತು ಬೆಳಿಗ್ಗೆ ಅವ್ವನ ಜೊತೆ ಹಾಲು ತರಲು ಇಳಿದಾಗ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನಲ್ಲಿ ಹಸಿ ಸೀಮೆಸುಣ್ಣದ ವಾಸನೆ ಬಂತು. ನನಗೆ ಆ ವಾಸನೆ ಎಂದರೆ ಅಪ್ಪ.

ಮರಾಠಿ ಮಂದಿಯ ಬಡಾವಣೆ ಕೋಥರೂಡದ ಈ ಗೇಟಿನ ಕರಿಹಲಗೆ ಆಗ ಅಪ್ಪನದೇ ರಾಜ್ಯ. ಆಫೀಸಿಗೆ ಹೊರಡುವ ಮುಂಚೆ ಅದನ್ನು ಹಸಿ ಅರಿವೆಯಿಂದ ಒರೆಸಿ, ಮರಾಠಿಯಲ್ಲಿ ‘ದಿನವಿಶೇಷ’ ಬರೆಯುತ್ತಿದ್ದರು. ಇದೇ ದಿನ ಯಾವ ರಾಜ ಪಟ್ಟಕ್ಕೇರಿದ, ಯಾವ ಕೋಟೆ ಬಿತ್ತು, ಯಾವ ವಿಜ್ಞಾನಿ ಸತ್ತ. “ಕಾಯ್ ಅಕ್ಷರ್ ಆಹೇ!” ಎಂದು ನೆರೆಯವರು ಹೊಗಳಿದರೆ ಬಿಜಾಪುರದಿಂದ ಬಂದ ನಮ್ಮ ಗುಮಾಸ್ತ ಅಪ್ಪನ ಎದೆ ಉಬ್ಬುತ್ತಿತ್ತು. ಜಗತ್ತಿನ ಸಾವುಗಳೆಲ್ಲ ಅವರಿಗೆ ಬಾಯಿಪಾಠ.

ನನ್ನ ಪುಟ್ಟ ತಂಗಿ ನಂದಾ ಜ್ವರದಲ್ಲಿ ತೀರಿಕೊಂಡು ವರ್ಷ ತುಂಬಿದ ದಿನವೂ ಅಪ್ಪ ಎಂದಿನಂತೆ ಬರೆಯಲು ಇಳಿದರು. ಅವ್ವ ಹಿಂದೆಯೇ ಬಂದು, ಅವರ ಕೈಯಿಂದ ಸೀಮೆಸುಣ್ಣ ಕಸಿದು, ಕೆಳಗೆ ಕನ್ನಡದಲ್ಲಿ ಬರೆದಳು: ‘ಇವತ್ತ ನಮ್ಮ ನಂದಾ ಹೋದ ದಿನ.’

ಅದನ್ನು ಓದಬಲ್ಲವರು ಇಡೀ ಸೊಸೈಟಿಯಲ್ಲಿ ನಾವು ಮೂವರೇ. ಆದರೂ ಅಪ್ಪ ಸುತ್ತ ನೋಡಿ ಒರೆಸಿಬಿಟ್ಟರು.

“ಇದು ಮಂದಿ ಓದೋ ಬೋರ್ಡ್ ಅದ. ಮನಿ ಅಳು ಇಲ್ಲಿ ಬರಿಯೂದಲ್ಲ.”

ಆ ಜಾಗ ಇನ್ನೂ ಆರಿರಲಿಲ್ಲ, ಯಾವುದೋ ದೇಶದ ರಾಣಿ ಸತ್ತ ಸುದ್ದಿ ಅಲ್ಲಿ ಬಂತು. ಮುದ್ದಾದ ಅಕ್ಷರದಲ್ಲಿ.

ಅಪ್ಪ ಹೋಗಿ ಇವತ್ತಿಗೆ ವರ್ಷ. ಸೊಸೈಟಿಯವರು ದಿನವಿಶೇಷದಲ್ಲಿ ಅವರ ಹೆಸರು ಬರೆದು, ಸುತ್ತ ಬಣ್ಣದ ಹೂವು ಬಿಡಿಸಿದ್ದರು. ಅವ್ವ ಪೂರ್ತಿ ಓದಿದಳು.

“ಇದು ಮಂದಿ ಓದೋ ಬೋರ್ಡ್ ಅದ,” ಎಂದಳು. “ಹೋಗು, ಹಸಿ ಅರಿವಿ ತೊಗೊಂಡು ಬಾ.”

ತಂದುಕೊಟ್ಟೆ.