ನಾಲ್ಕು ನದಿಗಳಿಗೆ ಮೀಸೆ

ನಳಕ್ಕೆ ನೀರು ಬರುವ ದಿನವಾದರೆ ಎಲ್ಲಕ್ಕಿಂತ ಮೊದಲು ಪೈಪು ಸಿಕ್ಕಿಸಿ ಬ್ಯಾರಲ್ಲು, ಕೊಡ, ಬಕೆಟ್ಟು, ಕೊನೆಗೆ ಪಾತೇಲಿಗಳನ್ನೂ ತುಂಬಿಕೊಳ್ಳಬೇಕು. ಬರದ ದಿನವಾದರೆ ಇದ್ದ ನೀರನ್ನೇ ಹಂಚಬೇಕು, ಹಂಚುವಾಗ ತನ್ನ ತಲೆಸ್ನಾನವನ್ನು ಮುಂದಕ್ಕೆ ಹಾಕಬೇಕು. ಅಂಗಳ ಗುಡಿಸಬೇಕು. ಗಂಡ ಸುಮಿತ ಕಳಚಿ ಬಿಸಾಕಿದ ಅಂಗಿಯನ್ನು ಹೊರಗೆ ಒಯ್ದು, ಅದಕ್ಕಂಟಿದ ಹತ್ತಿಯ ನವಿರನ್ನು ಝಾಡಿಸಿ, ಮಗ್ಗದ ಎಣ್ಣೆ ಕಲೆಗೆ ಸೋಡಾ ತಿಕ್ಕಿ ನೆನೆಹಾಕಬೇಕು. ಮಾವ ರಾಮಲಿಂಗನ ಮೊಣಕಾಲಿಗೆ ಬಿಸಿನೀರು ಕಾಯಿಸಬೇಕು. ಮೈದುನ ನಿಲೇಶನಿಗೆ ಸಕ್ಕರೆ ಕಡಿಮೆ ಹಾಕಿದ ಚಹಾ, ಅತ್ತೆ ದುರ್ಗವ್ವನಿಗೆ ಸಕ್ಕರೆ ಹೆಚ್ಚು ಹಾಕಿದ ಚಹಾ. ಎಸರಿಟ್ಟು, ಹಿಟ್ಟು ನಾದಿ, ರೊಟ್ಟಿ ಬಡಿಯಬೇಕು. ಮೊದಲ ಪಾಳಿಗೆ ಹೋಗುವವರ ಡಬ್ಬಿಗೆ ಝುಣಕಾ ತುಂಬಬೇಕು. ರೊಟ್ಟಿ ಬಡಿಯುವ ಸದ್ದಿಗೆ ಯಾರಾದರೂ ಎಚ್ಚರಗೊಂಡು ಗೊಣಗಿದರೆ ಮೆಲ್ಲಗೆ ಬಡಿಯಬೇಕು.

ಮಗ್ಗಗಳ ಊರಾದ ಇಚಲಕರಂಜಿಯ ಆ ಓಣಿಯಲ್ಲಿ ಬೆಳಕು ಹರಿಯುವುದರೊಳಗೆ ವೃಷಾಲಿ ಇಷ್ಟನ್ನು ಮುಗಿಸುತ್ತಿದ್ದಳು. "ನಿಮ್ಮ ಸೊಸಿ ಏನ್ ಮಾಡ್ತಾಳ್ರಿ?" ಎಂದು ಯಾರಾದರೂ ಕೇಳಿದರೆ ದುರ್ಗವ್ವನ ಉತ್ತರ ಸಿದ್ಧವಿರುತ್ತಿತ್ತು.

"ಏನ್ ಮಾಡ್ತಾಳ, ಮನ್ಯಾಗ ಇರ್ತಾಳ. ಚಿತ್ರಾ ತಗೀತಾಳ."

ಚಿತ್ರ ತೆಗೆಯುತ್ತಿದ್ದುದು ನಿಜ. ಮರಾಠಿ ಶಾಲೆಯಲ್ಲಿದ್ದಾಗ ಸರಕಾರದ ಚಿತ್ರಕಲಾ ಪರೀಕ್ಷೆಗಳೆರಡನ್ನೂ ಅವಳು ಎ ಗ್ರೇಡಿನಲ್ಲಿ ಮುಗಿಸಿದ್ದಳು. ಮುಂದೆ ಕೊಲ್ಹಾಪುರಕ್ಕೆ ಕಳಿಸಿ ಕಲಿಸಬೇಕೆಂದು ಮಾಸ್ತರರು ಹೇಳಿದ್ದಕ್ಕೆ ತವರಿನವರು ನಕ್ಕು, ವರ ನೋಡಿದರು. ಮದುವೆಯಾದ ಮೇಲೆ ಹಳೆಯ ಲ್ಯಾಪ್‌ಟಾಪೊಂದು ಮನೆಗೆ ಬಂತು. ಮಧ್ಯಾಹ್ನ ಸುಮಿತ ಮಗ್ಗದ ಶೆಡ್ಡಿನಲ್ಲಿ, ದುರ್ಗವ್ವ ಕಾಂಡಿ ಯಂತ್ರದ ಮುಂದೆ ಮಗ್ಗದ ಉರುಳೆಗಳಿಗೆ ನೂಲು ಸುತ್ತುತ್ತ, ಮಾವ ಕಟ್ಟೆಯ ಮೇಲೆ. ಭಾಂಡೆ ತಿಕ್ಕಿ ಬೋರಲು ಹಾಕಿದ ಮೇಲೆ, ಸಂಜೆಯ ಪಲ್ಯ ಸೋಸುವ ಮೊದಲು, ಆ ಮನೆ ಸ್ವಲ್ಪ ಹೊತ್ತು ಅವಳದಾಗುತ್ತಿತ್ತು. ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ ಕೂತು ಅವಳು ಗೆರೆ ಎಳೆಯುತ್ತಿದ್ದಳು.

ಗೆರೆಗಳು ಹೋಗುತ್ತಿದ್ದುದು ಕೊಲ್ಹಾಪುರದ ಮಲ್ಲಿನಾಥನ ಛಾಪಖಾನೆಗೆ. ಮಲ್ಲಿನಾಥ ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿ ಮನೆತನದವನು. ಲಗ್ನಪತ್ರಿಕೆ ಅಚ್ಚು ಹಾಕುವುದು ಅವನ ಹೊಟ್ಟೆಪಾಡು, ಹುಡುಗರಿಗಾಗಿ ಸೂಪರ್ ಹೀರೋಗಳ ಕಾಮಿಕ್ಸ್ ತರುವುದು ಅವನ ಹುಚ್ಚು. ವೃಷಾಲಿ ಅವನ ಲಗ್ನಪತ್ರಿಕೆಗಳಿಗೆ ಗಣಪತಿ, ಕಳಸ, ಬಾಳೆಕಂಬ ಬರೆದುಕೊಡುತ್ತಿದ್ದಳು. ಅವಳಿಗಿಂತ ಎಷ್ಟೋ ದೊಡ್ಡವನಾದರೂ ಅವಳನ್ನು "ವೈನಿ", ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದ. ಬಣ್ಣ ತುಂಬುವ ಗುರುಸಿದ್ದ ಅವನಿಗೆ ಗುರುಸಿದ್ದನೇ, ಯಂತ್ರ ನಡೆಸುವವನಿಗೂ ಸ್ವಂತ ಹೆಸರಿತ್ತು. ಅವಳೊಬ್ಬಳು ಸುಮಿತನ ಹೆಂಡತಿಯಾಗಿದ್ದರಿಂದ ವೈನಿ.

ಕಾಮಿಕ್ಸಿಗೆ ಹೊಸ ಪಡೆಯೊಂದು ಬೇಕೆಂದು ಅವನು ಹುಡುಕುತ್ತಿದ್ದಾಗ ವೃಷಾಲಿ ತಾನೇ ಒಂದು ಚಿತ್ರ ಒಯ್ದು ತೋರಿಸಿದಳು. ಪಂಚಗಂಗೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ನಿಂತ ಐವರು ಹೆಂಗಸರು. ಕಾಸಾರಿ, ಕುಂಭಿ, ತುಳಸಿ, ಭೋಗಾವತಿ, ಕಣ್ಣಿಗೆ ಬೀಳದ ಸರಸ್ವತಿ, ಈ ಐದು ನದಿಗಳು ಕೂಡಿ ಹರಿಯುವುದೇ ಪಂಚಗಂಗೆ. ಕಾಸಾರಿಯ ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ ಇತ್ತು. ಕುಂಭಿಗೆ ವಯಸ್ಸಾಗಿತ್ತು. ಭೋಗಾವತಿ ಹಲ್ಲು ಕಾಣುವಂತೆ ನಗುತ್ತಿದ್ದಳು. ಸರಸ್ವತಿ ಸೆರಗಿನೊಳಗಿಂದ ಒಂದೇ ಕಣ್ಣಿನಲ್ಲಿ ಎಲ್ಲ ನೋಡುತ್ತಿದ್ದಳು. ತುಳಸಿಗೆ ಮಾತ್ರ ವೃಷಾಲಿ ದುರ್ಗವ್ವನ ತೋಳುಗಳನ್ನು ಕೊಟ್ಟಿದ್ದಳು. ಕಾಂಡಿ ತುಂಬಿದ ಬುಟ್ಟಿಯನ್ನು ಅತ್ತೆ ಸೊಂಟಕ್ಕೇರಿಸುವಾಗ ಮೊಬೈಲಿನಲ್ಲಿ ಫೋಟೋ ಹಿಡಿದು, ಅದನ್ನು ನೋಡಿ ಬರೆದ ತೋಳುಗಳವು.

ಮಲ್ಲಿನಾಥ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಭಾರಿ ಐತ್ರಿ ವೈನಿ. ಐಡಿಯಾ ಒಂದ ನಂಬರ್. ಖರೆ, ಐದೂ ಹೆಣ್ಣಾದ್ರ ಅದು ಭಜನಾ ಮಂಡಳಿ ಆಗ್ತೈತಿ."

ಗುರುಸಿದ್ದ ಕಂಪ್ಯೂಟರಿನ ಹಿಂದಿನಿಂದ ಕಿಸಕ್ಕೆಂದ.

"ನದಿ ಅಂದ್ರ ಹೆಣ್ಣಲ್ಲೇನ್ರಿ ಸರ್?" ಎಂದಳು ವೃಷಾಲಿ.

"ಪೂಜಾ ಮಾಡೂಮುಂದ ಹೆಣ್ಣು. ಕಾಮಿಕ್ಸಿನ್ಯಾಗ ಟೀಮ್ ಬೇಕು. ಟೀಮ್ ಅಂದ್ರ ಹೆಂಗಿರತೈತಿ? ಒಬ್ಬ ಲೀಡರ್, ಒಬ್ಬ ಶ್ಯಾಣ್ಯಾ, ಒಬ್ಬ ಸಿಟ್ಟಿನಾವ, ಒಬ್ಬ ನಗಸಾವ. ಮತ್ತ ಒಬ್ಬಾಕಿ."

"ಒಬ್ಬಾಕಿ ಏನು?"

"ಏನಂದ್ರ? ಒಬ್ಬಾಕಿ ಹೆಣ್ಮಗಳು."

ಜಾಣತನ ಒಂದು ಗುಣ, ಸಿಟ್ಟು ಒಂದು ಗುಣ, ಹೆಣ್ಣಾಗಿರುವುದೂ ಒಂದು ಗುಣ. ಒಮ್ಮೆ ಹೆಣ್ಣಾದ ಮೇಲೆ ಬೇರೆ ಗುಣ ಇರಬೇಕಾಗಿಲ್ಲ. ಕಾಸಾರಿ ಕಾಸಾರನಾದ, ಕುಂಭಿ ಕುಂಭನಾದ, ಭೋಗಾವತಿ ಭೋಗನಾದ, ಸರಸ್ವತಿ ಸಾರಸ್ವತನಾಗಿ ಕನ್ನಡಕ ಹಾಕಿಕೊಂಡ. ನಾಲ್ಕು ನದಿಗಳಿಗೆ ಮೀಸೆ ಬಂತು, ಮೀಸೆ ಬರೆದದ್ದು ವೃಷಾಲಿಯ ಕೈಯೇ. ಅವಳು ಹೂಂ ಅಂದದ್ದಕ್ಕೆ ಕಾರಣವಿತ್ತು. ಪುಸ್ತಕ ಅಚ್ಚಾಗುತ್ತಿತ್ತು, ತುಳಸಿ ಉಳಿದಿದ್ದಳು.

ಉಳಿದ ತುಳಸಿಗೆ ಮಲ್ಲಿನಾಥ ಗಾಯ ಮಾಯಿಸುವ ಶಕ್ತಿ ಕೊಟ್ಟ. ಗಂಡಸರು ಹೊಡೆದಾಡಿ ಬಂದ ಮೇಲೆ ಅವಳು ಎಲೆ ಅರೆದು ಹಚ್ಚಬೇಕು. ಮೊದಲ ಪುಸ್ತಕದ ಕೊನೆಯ ಚೌಕಟ್ಟಿಗೆ ಅವನು ಬರೆದುಕೊಟ್ಟದ್ದು ಹೀಗಿತ್ತು: "ಗುಹೆ. ತುಳಸಿ ಎಲ್ಲರಿಗೂ ಊಟ ಬಡಿಸುತ್ತಿದ್ದಾಳೆ. ಎಲ್ಲರೂ ನಗುತ್ತಿದ್ದಾರೆ." ಓದಿದ ವೃಷಾಲಿಗೆ ಮೈಯೆಲ್ಲ ಉರಿಯಿತು. ಕೆಸರಲ್ಲಿ, ರಕ್ತದಲ್ಲಿ ಹೊರಳಾಡಿ ಬಂದ ನಾಲ್ವರ ಪೋಷಾಕು ಮುಂದಿನ ಪುಟದಲ್ಲಿ ಹೊಸದರಂತೆ ಹೊಳೆಯುತ್ತಿತ್ತು. ಅದನ್ನು ಯಾರು ಒಗೆದರು, ಗುಹೆಗೆ ನೀರು ಯಾರು ತಂದರು, ಬಡಿಸಿದವಳು ಯಾವಾಗ ಉಂಡಳು ಎಂದು ಯಾರೂ ಬರೆದಿರಲಿಲ್ಲ. ಬರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಅಚ್ಚಾದ ಪುಸ್ತಕ ಕೈಗೆ ಬಂದಾಗ ಉರಿ ಇನ್ನಷ್ಟಾಯಿತು. ಅವಳು ಕಳಿಸಿದ ಮೇಲೆ ಗುರುಸಿದ್ದ ತನ್ನ ಕಂಪ್ಯೂಟರಿನಲ್ಲಿ ತುಳಸಿಯ ಸೊಂಟವನ್ನು ಒಂದು ಹಿಡಿಯಷ್ಟು ಮಾಡಿದ್ದ. ತೋಳುಗಳು ನುಗ್ಗೇಕಾಯಿ ಆಗಿದ್ದವು. ಎದೆಯೂ ಇತ್ತಲೇ, ಹಿಂಭಾಗವೂ ಇತ್ತಲೇ, ಎರಡೂ ಒಂದೇ ಸಲಕ್ಕೆ ಓದುವವರಿಗೆ ಕಾಣುವಂತೆ ಅವಳನ್ನು ತಿರುಚಿ ನಿಲ್ಲಿಸಿದ್ದ. ಪಕ್ಕದಲ್ಲಿ ನಾಲ್ವರು ಗಂಡಸರು ನೆಲಕ್ಕೆ ಪಾದ ಊರಿ ನೆಟ್ಟಗೆ ನಿಂತಿದ್ದರು. ಒಳಪುಟದ ಮೂಲೆಯಲ್ಲಿ, ಕಥೆ ಮಲ್ಲಿನಾಥ, ಬಣ್ಣ ಗುರುಸಿದ್ದ, ಆಮೇಲೆ ಸಣ್ಣಕ್ಷರದಲ್ಲಿ "ಸಹಾಯ: ವೃಷಾಲಿ" ಎಂದಿತ್ತು.

ಬಟ್ಟೆ ಇಡುವ ತಿಜೋರಿಯ ಕನ್ನಡಿಯ ಮುಂದೆ ನಿಂತು ವೃಷಾಲಿ ಹಾಗೆ ತಿರುಗಲು ನೋಡಿದಳು. ಸೊಂಟ ಕಟಕ್ಕೆಂದಿತು. ಅಷ್ಟರಲ್ಲಿ ಪಾಳಿ ಮುಗಿಸಿ ದುರ್ಗವ್ವ ಒಳಗೆ ಬಂದಳು.

"ಯಾಕ, ಉಳುಕಿತೇನ? ಎಣ್ಣಿ ಹಚ್ಚಲೇನ?"

"ಇಲ್ರಿ ಅತ್ತಿ. ಇಕಿ ಹೆಂಗ ನಿಂತಾಳ ಅಂತ ನೋಡಾಕತ್ತಿದ್ದೆ."

ದುರ್ಗವ್ವ ಪುಸ್ತಕವನ್ನು ದೂರ ಹಿಡಿದು ನೋಡಿದಳು. "ಇಕಿ ಯಾರು?"

"ತುಳಸಿ. ಸತ್ತವ್ರನ್ನ ಬಿಟ್ಟು ಎಲ್ಲಾರನ್ನೂ ಆರಾಮ ಮಾಡ್ತಾಳ."

"ಮೊದಲ ಇಕಿಗೆ ಯಾರರ ಎರಡ ಹೊತ್ತ ಊಟಾ ಹಾಕ್ರಿ. ಈ ತೋಳಿಲೆ ಕಾಂಡಿ ಬುಟ್ಟಿ ಎತ್ತಿದ್ರ ಮುರದ ಬೀಳ್ತಾಳ."

"ಅವು ನಿಮ್ಮ ತೋಳು, ಅತ್ತಿ. ನಿಮ್ಮ ಫೋಟೋ ನೋಡೇ ತಗದಿದ್ದೆ."

ದುರ್ಗವ್ವ ಒಮ್ಮೆ ಪುಸ್ತಕ ನೋಡಿದಳು, ಒಮ್ಮೆ ಸೆರಗು ಸರಿಸಿ ತನ್ನ ತೋಳು ನೋಡಿಕೊಂಡಳು. "ನನ್ನವು? ಹಂಗಾರ ಎಲ್ಲಿ ಹ್ವಾದವು?" ಪುಸ್ತಕ ಮಂಚದ ಮೇಲೆ ಎಸೆದು, "ಹೋಗ್ಲಿ, ಸುಮಿತ ಬರೂ ಹೊತ್ತಾತು, ಚಹಾಕ್ಕಿಡು. ಗಂಡಸ ದಣದ ಬರ್ತಾನ" ಎಂದಳು. ತಾನೂ ಆಗಷ್ಟೇ ದಣಿದು ಬಂದಿದ್ದೇನೆಂಬುದು ಅವಳಿಗೇ ನೆನಪಿರಲಿಲ್ಲ.

ಎರಡನೆಯ ಪುಸ್ತಕದಲ್ಲಿ ತುಳಸಿಯನ್ನು ಶತ್ರುಗಳು ಹೊತ್ತೊಯ್ದರು, ನಾಲ್ವರು ಹೋಗಿ ಬಿಡಿಸಿ ತಂದರು. ಮೂರನೆಯದರಲ್ಲಿ ಮತ್ತೆ ಹೊತ್ತೊಯ್ದರು. ಹಗ್ಗ ಬರೆದೂ ಬರೆದೂ ವೃಷಾಲಿಯ ಕೈ ಹಗ್ಗದಲ್ಲಿ ಪಳಗಿಹೋಯಿತು. ಪ್ರತಿ ಸಲ ಅವಳು ತೋಳುಗಳನ್ನು ದಪ್ಪಗೆ ಬರೆದು ಕಳಿಸುವಳು, ಪ್ರತಿ ಸಲ ಅವು ಸೊರಗಿ ಅಚ್ಚಾಗಿ ಬರುವವು.

ನಾಲ್ಕನೆಯ ಪುಸ್ತಕದ ಕಥೆ ಬಂತು. ಕೊನೆಯ ಪುಟಕ್ಕೆ ಮುಂಚಿನ ಪುಟದಲ್ಲಿ ತುಳಸಿ ಸಾಯುತ್ತಾಳೆ. ಬಟ್ಟೆ ಹರಿದಿರಬೇಕು, ಮುಖ ಚೆಂದ ಇರಬೇಕು. ಭೋಗ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಆಕಾಶ ನೋಡಿ ಕೂಗಬೇಕು. "ಆಗ ಭೋಗನಿಗೆ ನಿಜವಾದ ಶಕ್ತಿ ಬರುತ್ತದೆ."

ವೃಷಾಲಿ ಮಧ್ಯಾಹ್ನದ ಎಸ್.ಟಿ. ಬಸ್ಸು ಹಿಡಿದು ಕೊಲ್ಹಾಪುರಕ್ಕೆ ಹೋದಳು.

"ಸರ್, ತುಳಸಿ ಯಾಕ ಸಾಯಬೇಕು?"

"ಕೂಡ್ರಿ ಮೊದಲ. ಚಹಾ ತಗೋರಿ." ಮಲ್ಲಿನಾಥ ಕೆಟ್ಟ ಮನುಷ್ಯನಲ್ಲ, ಚಹಾ ತರಿಸಿದ. "ಅಕಿ ಸತ್ರ ಭೋಗಗ ಸಿಟ್ಟು ಬರ್ತೈತಿ. ಸಿಟ್ಟು ಬಂದ್ರ ಕಥಿ ಮುಂದ ಹೋಗ್ತೈತಿ."

"ಹಂಗಾರ ಭೋಗನ್ನ ಕೊಲ್ರಿ. ತುಳಸಿಗಿ ಸಿಟ್ಟು ಬರ್ಲಿ."

ಗುರುಸಿದ್ದ ಬಿದ್ದು ಬಿದ್ದು ನಕ್ಕ. ಮಲ್ಲಿನಾಥನೂ ನಕ್ಕ. "ವೈನಿ, ಹೆಣ್ಮಕ್ಕಳ ಸಿಟ್ಟು ಯಾರ ರೊಕ್ಕಾ ಕೊಟ್ಟ ಓದ್ತಾರ್ರಿ? ಅದನ್ನ ಮನ್ಯಾಗ ದಿನಾ ಪುಕಟ ನೋಡ್ತೇವಿ."

"ನೋಡ್ತೀರಿ ಖರೆ. ಓದೂದಿಲ್ಲ" ಎಂದಳು ವೃಷಾಲಿ.

ಅವಳ ದನಿಗೆ ನಗೆ ನಿಂತಿತು. ಮಲ್ಲಿನಾಥ ಸ್ವರ ತಗ್ಗಿಸಿದ. "ಹಂಗ ಸಿಟ್ಟಾಗಬ್ಯಾಡ್ರಿ. ನಾ ಏನ್ ವಿಚಾರ ಮಾಡೇನಿ ಅಂದ್ರ, ಈ ಪುಸ್ತಕದಾಗ ನಿಮ್ಮ ಹೆಸರ ಮುಖಪುಟದ ಮ್ಯಾಲ ಹಾಕೂಣು. ನನ್ನ ಹೆಸರಿನ ಬಾಜೂಕ. ತುಳಸಿ ಸಾಯೂ ಪುಟ ಐತೆಲ್ಲಾ, ಇದೊಂದ ಪಾನ ಛಲೋ ತಗದ ಕೊಡ್ರಿ. ಬ್ಯಾಡ ಅಂದ್ರ ತುಳಸಿದು ಮುಂದ, ಹಿಂದ, ಬಾಜೂ ಎಲ್ಲಾ ಚಿತ್ರದ ಫೈಲ್ ಕಳಸ್ರಿ, ಗುರುಸಿದ್ದ ಮಾಡ್ತಾನ. ಅಕಿ ಅಂತೂ ಸಾಯಾಕೀನ."

ಮುಖಪುಟದ ಮೇಲೆ ಹೆಸರು. ಬಸ್ಸಿನಲ್ಲಿ ಕಿಟಕಿಗೆ ಹಣೆಯಾನಿಸಿ ಕೂತ ವೃಷಾಲಿಗೆ ಅದು ಬೇಡವೆನಿಸಲಿಲ್ಲ. ಬೇಕೆನಿಸಿತು, ಹಸಿವಿನ ಹಾಗೆ ಬೇಕೆನಿಸಿತು. ಬೇಕೆನಿಸಿದ್ದಕ್ಕೇ ತನ್ನ ಮೇಲೂ ಸಿಟ್ಟು ಬಂತು.

ಮನೆಯಲ್ಲಿ ಸುದ್ದಿ ಕೇಳಿ ಸುಮಿತ ಖುಷಿಪಟ್ಟ. "ಮುಖಪುಟದ ಮ್ಯಾಲ? ಶೆಡ್ಡಿನ್ಯಾಗ ಎಲ್ಲಾರಿಗೂ ತೋರಸ್ತೇನಿ. ತಗದ ಕೊಟ್ಟ ಬಿಡ ಅತ್ಲಾಗ. ಚಿತ್ರ ಐತಿ, ಖರೇ ಸಾಯ್ತಾಳೇನ ಅಕಿ?" ಎಂದು ತಾಟು ಅಲ್ಲಿಯೇ ಬಿಟ್ಟು ಕೈ ತೊಳೆಯಲು ಎದ್ದ.

ಮರುದಿನ ಮಧ್ಯಾಹ್ನ ಅವಳು ಬರೆಯಲು ಕೂತಳು. ಪುಟದಲ್ಲಿ ತುಳಸಿಗೆ ಒಂದೂ ಮಾತಿರಲಿಲ್ಲ. ಹಿಂದಿನ ಮೂರು ಪುಸ್ತಕ ತಿರುವಿಹಾಕಿ ಅವಳೇನು ಮಾತಾಡಿದ್ದಾಳೆಂದು ಹುಡುಕಿದಳು. "ಜಾಗ್ರತೆ!" ಅಂದಿದ್ದಳು, "ಭೋಗ!" ಅಂದಿದ್ದಳು, "ನಿನಗೆ ನೋವಾಯಿತೇ?" ಅಂದಿದ್ದಳು. ತನಗೆ ನೋವಾಯಿತೆಂದು ಎಲ್ಲೂ ಅಂದಿರಲಿಲ್ಲ. ವೃಷಾಲಿ ಅವಳನ್ನು ಮಲಗಿಸಿ ಬರೆದಳು, ಅಳಿಸಿದಳು. ಭೋಗನ ತೊಡೆ ಬರೆದಳು, ಬಾಯಿ ತೆರೆದ ಮುಖ ಬರೆದಳು. ತುಳಸಿಯ ತೋಳುಗಳನ್ನು ಮತ್ತೆ ಮೊದಲಿನ ಹಾಗೆ ತುಂಬಿ ಬರೆದಾಗ ಇಡೀ ಪುಟ ಸುಳ್ಳಾಗಿ ಕಂಡಿತು. ಅಂಥ ತೋಳಿನವಳು ಯಾರ ತೊಡೆಯ ಮೇಲೂ ಸೋತು ಬಿದ್ದಿರಲಾರಳು. ಅವಳನ್ನು ಸಾಯಿಸಬೇಕಾದರೆ ಮೊದಲು ತೋಳು ಕೀಳಬೇಕು. ಮೂರು ಪುಸ್ತಕಗಳುದ್ದಕ್ಕೂ ಅವರು ಮಾಡಿದ್ದು ಅದನ್ನೇ.

ಮೊಬೈಲು ಸದ್ದು ಮಾಡಿತು, ಮಲ್ಲಿನಾಥನ ಮೆಸೇಜು. "ವೈನಿ, ಪಾನ ಆತೇನ್ರಿ? ಇಲ್ಲಾಂದ್ರ ಫೈಲ್ ಕಳಸ್ರಿ. ಗುರುಸಿದ್ದ ಕಾಯಾಕತ್ತಾನ."

ತಾನು ಕಳಿಸದಿದ್ದರೂ ಅಚ್ಚಾದ ಪುಸ್ತಕ ನೋಡಿ ಗುರುಸಿದ್ದ ಬರೆಯಬಲ್ಲ. ತುಳಸಿ ಉಳಿಯುವುದಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಲ್ಲೆನೆಂದರೆ ಆ ಛಾಪಖಾನೆಯ ಬಾಗಿಲು ಮತ್ತೆ ತನಗೆ ತೆರೆಯುವುದಿಲ್ಲ, ಲಗ್ನಪತ್ರಿಕೆಯ ಗಣಪತಿಗೂ ಕೂಡ. ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೂ ಅವರೇನು ಹೇಳುತ್ತಾರೆಂದು ಕೇಳಬೇಕಾಗಿರಲಿಲ್ಲ.

"ಸರ್, ತಪ್ಪ ತಿಳಕೋಬ್ಯಾಡ್ರಿ" ಎಂದು ಒತ್ತಿದಳು. ಅಳಿಸಿದಳು.

"ಮನ್ಯಾಗ ಭಾಳ ಕೆಲಸ ಐತಿ, ಅದಕ್ಕ ಆಗೂದಿಲ್ಲ" ಎಂದು ಒತ್ತಿದಳು. ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಪಾಪ, ಹೆಣ್ಣುಮಗಳು, ಮನೆ ನೋಡಬೇಕಲ್ಲ ಎಂದು ಮಲ್ಲಿನಾಥ ತಾನೇ ಸಮಾಧಾನ ಹೇಳುತ್ತಾನೆ, ಮುಂದಿನ ತಿಂಗಳು ಗಣಪತಿ ಬರೆಯಲು ಕರೆಯಲೂಬಹುದು. ಅಕ್ಷರ ಅಕ್ಷರವಾಗಿ ಅದನ್ನೂ ಅಳಿಸಿದಳು.

ಆಮೇಲೆ ಬರೆದದ್ದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ತುಳಸಿನ್ನ ನಾ ಕೊಲ್ಲಂಗಿಲ್ಲ. ಫೈಲೂ ಕಳಸಂಗಿಲ್ಲ. ಮುಖಪುಟದ ಮ್ಯಾಲ ನನ್ನ ಹೆಸರ ಹಾಕಬ್ಯಾಡ್ರಿ."

ಒಮ್ಮೆ ಓದಿಕೊಂಡಳು. ಕಳಿಸಿದಳು.