ತಂತಿ ಬಿಚ್ಚಿದ ಮೇಲೂ ಎದ್ದ ಗುಳ್ಳೆ: ಶ್ರೀಮತಿ ಈಶ್ವರಿಯವರಿಗೆ ಅಭಿನಂದನೆ

ನೀರಿನಿಂದ ಉರಿ ತೆಗೆಯುತ್ತೇವೆಂದು ಹೊರಟವರಿಗೆ ಕೊಯಮತ್ತೂರಿನಲ್ಲಿ ಎಂದೂ ಬರವಿಲ್ಲ. ಬೀದಿಗೊಂದು ಲೇತ್, ಮನೆಗೊಬ್ಬ ಮೆಕ್ಯಾನಿಕ್ ಇರುವ ಊರು ಇದು. ಟಿಫನ್ ಕ್ಯಾರಿಯರಿನೊಳಗೆ ಉಕ್ಕಿನ ತಗಡುಗಳನ್ನು ಜೋಡಿಸಿ, ಕಾಸ್ಟಿಕ್ ಸೋಡಾ ಬೆರೆಸಿದ ನೀರು ತುಂಬಿ, ಬ್ಯಾಟರಿಯ ತಂತಿ ಕೊಟ್ಟು, ಹೈಡ್ರೋಜನ್ನಿನ ಮೊದಲ ಗುಳ್ಳೆ ಎದ್ದೊಡನೆ ಪೆಟ್ರೋಲಿಗೆ ತಿಲಾಂಜಲಿಯಿತ್ತವರಂತೆ ಬೀಗಿದವರು ಎಷ್ಟೋ ಮಂದಿ. ಮರುದಿನ ಅದು ಕೈಕೊಟ್ಟಾಗ ಅವರೆಲ್ಲ ಬಂದು ನಿಂತದ್ದು ಒಬ್ಬರದೇ ಬಾಗಿಲಿಗೆ. ತುಡಿಯಲೂರಿನ ನಮ್ಮ ಪಾಲಿಟೆಕ್ನಿಕ್ಕಿನ ರಸಾಯನಶಾಸ್ತ್ರ ಪ್ರಯೋಗಾಲಯದ ಸಹಾಯಕಿ ಶ್ರೀಮತಿ ಈಶ್ವರಿಯವರು ಮೂವತ್ತನಾಲ್ಕು ವರ್ಷಗಳ ಸೇವೆಯನ್ನು ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ.

ಅವರು ಹುಟ್ಟಿದ್ದು ನೆಗಮದ ನೇಕಾರರ ಮನೆಯಲ್ಲಿ. ಮನೆಮಾತು ಕನ್ನಡ, ಓದು ತಮಿಳಿನಲ್ಲಿ. ಕನ್ನಡದ ಅಕ್ಷರ ಅವರಿಗೆ ಬಾರದು. ಈ ಲೇಖನವನ್ನೂ ಯಾರಾದರೂ ಅವರಿಗೆ ಓದಿ ಹೇಳಬೇಕು. ಹೊಗಳಿಕೆ ಮಿತಿಮೀರಿದರೆ "ಪೋದುಂ, ಸಾಕು, ಮುಂದಕ್ಕೆ ಹೋಗು" ಎಂದು ಅಲ್ಲಿಯೇ ತಡೆಯುವವರಾದ್ದರಿಂದ ಇಲ್ಲಿ ಕೊಂಚ ಹಿಡಿತದಿಂದಲೇ ಬರೆಯಬೇಕಾಗಿದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಅವರ ಪಾಲಿಗಿದ್ದದ್ದು ಗಾಜಿನ ಪಾತ್ರೆ ತೊಳೆಯುವುದಷ್ಟೇ. ವಿದ್ಯಾರ್ಥಿಗಳು ಕೆಡಿಸಿಟ್ಟ ಇಂಥ ಹೈಡ್ರೋಜನ್ ಕೋಶಗಳನ್ನು ತೊಳೆಯುತ್ತಲೇ ಯಾವುದು ಏಕೆ ಕೆಟ್ಟಿತೆಂಬುದನ್ನು ಅವರ ಕಣ್ಣು ಕಲಿಯಿತು. ನೀರು ಕಂದುಬಣ್ಣಕ್ಕೆ ತಿರುಗಿದರೆ ತಗಡು ಕಳಪೆ, ನೊರೆ ಉಕ್ಕಿದರೆ ಎಣ್ಣೆಯ ಜಿಡ್ಡು ಉಳಿದಿದೆ, ಕ್ಯಾರಿಯರ್ ಕೈ ಸುಟ್ಟರೆ ಕರೆಂಟು ಹೆಚ್ಚು. ಬಂದವರ ಹೆಸರು, ದೋಷ, ಕಾರಣ, ಪರಿಹಾರ ಎಂದು ನಾಲ್ಕು ಗೆರೆ ಎಳೆದ ನೋಟುಪುಸ್ತಕವೊಂದನ್ನು ಅವರು ಅಂದೇ ಆರಂಭಿಸಿದರು. ತಿರುಪ್ಪೂರಿನ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಕಂದಸಾಮಿ ಎಂಬವರು ಸೋಡಾದ ಬದಲು ಅಡುಗೆ ಉಪ್ಪು ಸುರಿದು, ಎದ್ದ ವಿಷಗಾಳಿಗೆ ಕೆಮ್ಮುತ್ತ ಬಂದಾಗ, "ಉಪ್ಪು ತಿಂದವನು ನೀರು ಕುಡೀಬೇಕು ಅಂತಾರೆ, ನೀ ನೀರಿಗೇ ಉಪ್ಪು ತಿನ್ನಿಸಿದೆಯಲ್ಲ" ಎಂದು ಗದರಿ, ಬಸ್ಸು ಹತ್ತಿಸಿಕೊಂಡು ತಾವೇ ಆಸ್ಪತ್ರೆಗೆ ಕರೆದೊಯ್ದಿದ್ದರು. ಇಂತಹ ಉಪಕಾರಗಳನ್ನು ಎಣಿಸುತ್ತ ಹೋದರೆ ಈ ಅಭಿನಂದನ ಸಂಪುಟವೇ ಸಾಲದು.

ಆದರೆ ಲೇಖನಕ್ಕೆ ಒಪ್ಪಿಗೆ ಕೊಡುವಾಗ ಅವರು ಒಂದು ಷರತ್ತು ಹಾಕಿದರು. ಕಾಳಿಯಪ್ಪನವರ ಸಂಗತಿಯನ್ನು ಬಿಡದೆ ಬರೆಯಬೇಕು, ಇಲ್ಲವೇ ಏನನ್ನೂ ಬರೆಯಬಾರದು.

ಮೂರು ವರ್ಷದ ಹಿಂದಿನ ಮಾತು. ನೆಗಮದ ನೇಕಾರ ಕಾಳಿಯಪ್ಪನ್ ಒಲೆ ಉರಿಸಲೆಂದು ಕೋಶ ಕಟ್ಟಿಕೊಂಡಿದ್ದರು. ಅದರ ಗ್ಯಾಸು ನೀರು ತುಂಬಿದ ಬಾಟಲಿಯೊಂದರಲ್ಲಿ ಗುಳ್ಳೆಯಾಗಿ ಎದ್ದು ಒಲೆಗೆ ಬರುತ್ತಿತ್ತು. ತಗಡುಗಳು ತಿಂದುಹೋಗಿವೆಯೆಂದು ಅವರು ಫೋನು ಮಾಡಿದ್ದು ಪ್ರಾಯೋಗಿಕ ಪರೀಕ್ಷೆಯ ಗದ್ದಲದ ನಡುವೆ. "ತಗಡು ಬದಲಾಯಿಸಿ, ಸರಿಹೋಗುತ್ತೆ" ಎಂದಷ್ಟೇ ಹೇಳಿ ಈಶ್ವರಿಯವರು ಫೋನಿಟ್ಟರು. ಯಾವ ತಗಡು ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ವಾರ ಕಳೆಯುವುದರೊಳಗೆ ಕಾಳಿಯಪ್ಪನ್ ಆ ಕೋಶದ ಮೇಜಿನ ಬುಡದಲ್ಲೇ ಎದೆನೋವಿನಿಂದ ತೀರಿಕೊಂಡರು.

ಹನ್ನೊಂದನೆಯ ದಿನ ಮಧ್ಯಾಹ್ನ ಅವರ ಮಗಳು ಸತ್ಯಾ ಫೋನು ಮಾಡಿದಳು.

"ಅಕ್ಕಾ, ಅಪ್ಪನ ಮೆಷಿನ್ನು ನಿಲ್ತಾನೇ ಇಲ್ಲೆ. ಅವರು ಹೋದ ದಿವಸವೇ ತಂತಿ ಬಿಚ್ಚಿ ಆಣಿಗೆ ತಗಲಾಕಿವ್ನಿ. ಬಾಟ್ಲೀಲಿ ಗುಳ್ಳೆ ಬರ್ತಾನೇ ಐತೆ. ಅಪ್ಪಾ ಉಸುರು ಬುಡ್ತಾವ್ರೆ ಅಂತಾಳೆ ಅಮ್ಮಾ."

ಜೀವ ಹೋದ ಜಾಗದಲ್ಲಿ ಹದಿನಾರು ದಿನ ದೀಪ ಆರದಂತೆ ನೋಡಿಕೊಂಡು, ಪಕ್ಕದಲ್ಲಿ ಒಂದು ಚೊಂಬು ನೀರಿಡುವುದು ಆ ಮನೆಯ ವಾಡಿಕೆ. ಬೆಳಿಗ್ಗೆ ಚೊಂಬಿನಲ್ಲಿ ನೀರು ಇಳಿದಿದ್ದರೆ ಹೋದವರು ಬಂದು ಕುಡಿದರೆಂದು ನಂಬಿಕೆ. ಮಿಕ್ಕ ನೀರನ್ನು ಯಾರೂ ತುಳಿಯಬಾರದು. ಹಾಗಾಗಿ ಕಾಳಿಯಪ್ಪನವರ ಹೆಂಡತಿ ರಾಮಾತಾಳ್ ಅದನ್ನು ದಿನವೂ ಗಂಡನ ಕೋಶಕ್ಕೇ ಸುರಿಯುತ್ತಿದ್ದರು. ಗಾಳಿ ಬಂದರೆ ದೀಪ ಆರೀತೆಂದು ಕಿಟಕಿ ಬಾಗಿಲು ಮುಚ್ಚಿದ್ದವು. ಹಳೆಯ ಹೆಂಚಿನ ಮನೆಯಾಗಿದ್ದರೆ ಗ್ಯಾಸು ಸಂದಿಗಳಲ್ಲಿ ಹೊರಗೆ ಹೋಗುತ್ತಿತ್ತು. ಈಗ ತಲೆಯ ಮೇಲಿದ್ದದ್ದು ಕಾಂಕ್ರೀಟು.

"ದೀಪ ಎಲ್ಲೈತೆ?" ಎಂದು ಈಶ್ವರಿಯವರು ಕೇಳಿದರು.

"ನೆಲದ ಮೇಲೆ. ಇಲಿ ಬಂದು ಎಣ್ಣೆ ಕುಡೀತಾವೆ. ಈಗ ಎತ್ತಿ ಮೇಜಿನ ಮೇಲೆ ಇಡ್ತೀವಿ."

"ಎತ್ತಬೇಡ ಸತ್ಯಾ. ನಾ ಬರೋವರೆಗೂ ಒಂದು ಗೇಣೂ ಎತ್ತಬೇಡ. ಫ್ಯಾನು ಹಾಕಬೇಡ, ಸ್ವಿಚ್ಚು ಮುಟ್ಟಬೇಡ. ಕಿಟಕಿ ತೆಗಿ."

"ಅಮ್ಮಾ ಬುಡಲ್ಲ ಅಕ್ಕಾ."

ಉಕ್ಕಡದ ನಿಲ್ದಾಣದಲ್ಲಿ ಬಸ್ಸು ಹಿಡಿದು ನೆಗಮ ಮುಟ್ಟುವವರೆಗೆ ಅವರು ಮತ್ತೆ ಫೋನು ಮಾಡಲಿಲ್ಲ. ಮಾಡಿದರೆ ಆ ಕಡೆಯಿಂದ ಯಾರೂ ಎತ್ತದಿದ್ದರೆ ಎಂಬ ಹೆದರಿಕೆ.

ಕೋಣೆಯಲ್ಲಿ ಹೂವು ಬಾಡಿದ ವಾಸನೆ. ತಂತಿಗಳು ಆಣಿಯಲ್ಲಿ ನೇತಾಡುತ್ತಿದ್ದವು. ಬಾಟಲಿಯಲ್ಲಿ ಗುಳ್ಳೆ ಏಳುತ್ತಿತ್ತು, ಸ್ವಲ್ಪ ನಿಲ್ಲುತ್ತಿತ್ತು, ಮತ್ತೆ ಏಳುತ್ತಿತ್ತು. ಅದರ ಎದುರು ಕೂತಿದ್ದ ರಾಮಾತಾಳ್ ಅದೇ ಲಯದಲ್ಲಿ ಉಸಿರಾಡುತ್ತಿದ್ದರು. ಮೂಲೆಯಲ್ಲಿ ತಗಡಿಗಾಗಿ ಕತ್ತರಿಸಿ ಉಳಿದ ಅಲ್ಯೂಮಿನಿಯಂ ಹಂಡೆ ಬಿದ್ದಿತ್ತು. ಬೇರೇನೂ ಕೇಳುವುದು ಉಳಿದಿರಲಿಲ್ಲ. ಸೋಡಾ ನೀರಿನಲ್ಲಿ ಅಲ್ಯೂಮಿನಿಯಂ ತಾನಾಗಿಯೇ ಕರಗುತ್ತ ಹೈಡ್ರೋಜನ್ ಬಿಡುತ್ತದೆ; ಅದಕ್ಕೆ ಕರೆಂಟೂ ಬೇಡ, ಕಟ್ಟಿದವನೂ ಬೇಡ.

ಅವರು ರಾಮಾತಾಳರ ಪಕ್ಕ ನೆಲದಲ್ಲಿ ಕೂತು ಇದ್ದದ್ದನ್ನು ಇದ್ದಂತೆ ಹೇಳಿದರು. "ಅಕ್ಕಾ, ಇದು ಅವರ ಉಸುರಲ್ಲ. ತಗಡು ಕರಗ್ತಾ ಐತೆ. ಅದರ ಗ್ಯಾಸು ನಮ್ಮ ತಲೆ ಮೇಲೆ ನಿಂತೈತೆ. ದೀಪ ಮೇಲಕ್ಕೆ ಹೋದ್ರೆ ನಾವು ಮೂರೂ ಜನ ಇರಲ್ಲ."

ರಾಮಾತಾಳ್ ಬಾಟಲಿಯಿಂದ ಕಣ್ಣು ಕೀಳಲಿಲ್ಲ. "ಆ ತಗಡು ಅವರು ಹಾಕಿದ್ದು ತಾನೆ ಅಮ್ಮಣಿ?"

"ಆಮಾ. ಅವರೇ ಹಾಕಿದ್ದು."

"ಹಂಗಾರೆ ದೀಪ ಆರಿಸ್ಬೇಡ. ನಾನೇ ತಕ್ಕೊಂಡು ಬತ್ತೀನಿ."

ದೀಪ ಆರಿಸುವುದೇ ಕ್ಷೇಮವೆಂದು ಈಶ್ವರಿಯವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವರು ದಾರಿ ಬಿಟ್ಟು ಸರಿದರು. ಅರವತ್ತೆಂಟರ ಆ ಮುದುಕಿ ದೀಪವನ್ನು ಸೆರಗಿನಿಂದ ಮರೆಮಾಡಿ, ನೆಲಕ್ಕೆ ತಾಗುವಂತೆ ಹಿಡಿದು, ಮಂಡಿಯೂರಿ ತೆವಳುತ್ತ ಹೊಸಿಲು ದಾಟಿದರು. ಇತ್ತ ಈಶ್ವರಿಯವರು ಬಗ್ಗಿಯೇ ಹಿಂದೆ ಹಿಂದೆ ಬಂದರು. ದೀಪ ಹಜಾರದ ಆಚೆ ಅಂಗಳ ಸೇರಿದ ಮೇಲೆ ಮರಳಿ ಹೋಗಿ ಕಿಟಕಿಗಳನ್ನೆಲ್ಲ ತೆಗೆದರು. ಗಂಟೆ ಕಳೆದ ಬಳಿಕ ಕೋಶವನ್ನು ಹೊತ್ತು ತಂದು, ದೀಪದಿಂದ ದೂರ, ಹಿತ್ತಲ ತೆಂಗಿನ ಬುಡದಲ್ಲಿಟ್ಟರು. ಅದನ್ನು ಅಲ್ಲೇ ಬರಿದು ಮಾಡಬೇಕಿತ್ತು. ಹದಿನಾರು ಕಳೆಯಲಿ ಎಂದು ರಾಮಾತಾಳ್ ಕೈ ಹಿಡಿದರು. ಹಂಡೆಯ ಉಳಿದ ಭಾಗವನ್ನು ತೂಗಿ ಲೆಕ್ಕ ಹಾಕಿ, ಇನ್ನೆರಡು ದಿನಕ್ಕೆ ಲೋಹ ಮುಗಿಯುತ್ತದೆಂದು ತಮಗೆ ತಾವೇ ಹೇಳಿಕೊಂಡು ಈಶ್ವರಿಯವರು ಒಪ್ಪಿದರು.

ಹದಿನಾರನೆಯ ದಿನ ಅವರು ಹೋದಾಗಲೂ ಗುಳ್ಳೆ ಏಳುತ್ತಿತ್ತು. ಮುಚ್ಚಳ ತೆಗೆದು ನೋಡಿದರು. ಒಳಗೆ ಒಂದು ಚೂರು ತಗಡೂ ಇರಲಿಲ್ಲ. ಬೂದು ಬಣ್ಣದ ನೀರು ಮಾತ್ರ. ಮುಚ್ಚಳ ಹಾಕಿದರು, ಗುಳ್ಳೆ ಎದ್ದಿತು. ಮಧ್ಯಾಹ್ನ ಕರ್ಮ ಮುಗಿದು ಅಂಗಳದಲ್ಲಿ ದೀಪ ತಣಿಸಿದ ಮೇಲೆ ಹಿತ್ತಲಿಗೆ ಬಂದರೆ ಬಾಟಲಿ ಸುಮ್ಮನಿತ್ತು. ಅವರ ನೋಟುಪುಸ್ತಕದಲ್ಲಿ 'ಕಾರಣ' ಎಂಬ ಗೆರೆಯ ಕೆಳಗೆ ಖಾಲಿ ಉಳಿದಿರುವ ಜಾಗ ಅದೊಂದೇ.

ಅಂದು ಎಲ್ಲರ ಊಟವಾದ ಮೇಲೆ ಈಶ್ವರಿಯವರು ರಾಮಾತಾಳರೆದುರು ಕೂತು ತಪ್ಪೊಪ್ಪಿಕೊಂಡರು. "ಯಾವ ತಗಡು ಅಂತ ಅವರಿಗೆ ನಾ ಹೇಳಬೇಕಿತ್ತು ಅಕ್ಕಾ. ಅವಸರದಲ್ಲಿ ಹೇಳಲಿಲ್ಲ. ನಿಮ್ಮನ್ನೆಲ್ಲ ಕೊಲ್ಲೋವಳಿದ್ದೆ."

ರಾಮಾತಾಳ್ ಅವರ ಕೈಯನ್ನು ತಮ್ಮ ಮಡಿಲಿಗೆಳೆದುಕೊಂಡರು. "ನೀ ಹೇಳಿದ್ದಿದ್ರೆ ಈ ಹದಿನಾರು ದಿವಸ ನಂಗೆ ಎಲ್ಲಿಂದ ಬರ್ತಿತ್ತು ಅಮ್ಮಣಿ?"

ಬೈಗುಳಕ್ಕೆ ಸಿದ್ಧರಾಗಿ ಹೋಗಿದ್ದವರಿಗೆ ಸಿಕ್ಕಿದ್ದು ಕೃತಜ್ಞತೆ, ಮತ್ತು ಅದನ್ನು ಇಂದಿಗೂ ಅವರಿಂದ ಜೀರ್ಣಿಸಿಕೊಳ್ಳಲಾಗಿಲ್ಲ. ನಿವೃತ್ತಿಯ ನಂತರವೂ ಮನೆಯ ಮುಂದಿನ ಕೋಣೆಯಲ್ಲಿ ಕೆಟ್ಟ ಕೋಶಗಳನ್ನು ನೋಡುವುದಾಗಿ ಅವರು ಹೇಳಿದ್ದಾರೆ. ಅವರಿಗೆ ನೂರು ತುಂಬಲಿ, ಕಣ್ಣೂ ಕಿವಿಯೂ ಚುರುಕಾಗಿರಲಿ, ಕೇಳಬಂದವರಿಗೆ ಪೂರ್ತಿ ಉತ್ತರ ಕೊಡುವಷ್ಟು ಬಿಡುವು ದೊರೆಯಲಿ ಎಂದು ಸಹೋದ್ಯೋಗಿಗಳೆಲ್ಲ ಹಾರೈಸುತ್ತೇವೆ. ಇಷ್ಟನ್ನು ಓದಿ ಹೇಳಿದಾಗ ಅವರು ತಡೆಯಲಿಲ್ಲ. "ರಾಮಾತಾಳಕ್ಕನಿಗೂ ಒಂದು ಸಲ ಓದಿ ಹೇಳಬೇಕು" ಎಂದರು.